ಸೊನ್ನೆಯಿಂದ ಭಾಗಿಸಿದಾಗ

ಹಗಲೆಲ್ಲ ಕೌಲ್ ಬಜಾರಿನ ಜೀನ್ಸ್ ಯೂನಿಟ್ಟಿನಲ್ಲಿ
ನಾನು ಕಾಲು ಎಣಿಸುವವಳು.
ಎಡಗಾಲು, ಬಲಗಾಲು, ಜಿಪ್ಪು, ಜೇಬು,
ಡಜನ್ನಿಗೊಂದು ಗಂಟು.
ರಾತ್ರಿ ತಮ್ಮ ತೋರಣಗಲ್ಲಿಗೆ ಶಿಫ್ಟಿಗೆ ಹೋದ ಮೇಲೆ
ಅವನ ಲ್ಯಾಪ್‌ಟಾಪಿನ ಮುಂದೆ ಕೂತು
ಮನುಷ್ಯರನ್ನು ಎಣಿಸುತ್ತಿದ್ದೆ.

ಮುಖವಿಲ್ಲ. ಐದು ಹೆಸರು, ಐದು ಕುರ್ಚಿ.
ಹೆಸರಿನ ಕೆಳಗೆ ಬಸ್ ಟಿಕೆಟಿನಷ್ಟು ಜಾಗ, ತುಂಬ ಅಂಕಿ:
ನೂರು ಕೈಗೆ ಎಷ್ಟು ಸಲ ದುಡ್ಡು ಇಳಿಸಿದ,
ಎಷ್ಟು ಸಲ ತಾನೇ ಏರಿಸಿದ,
ಕೊನೆಗೆ ಕೆಂಪಿನಲ್ಲಿ ಆ ಒಂದು—
ಕಟ್ಟಿದ್ದು ಏರಿಸಿದ್ದು ಎರಡೂ ಕೂಡಿಸಿ
ಸುಮ್ಮನೆ ಒಪ್ಪಿ ಹಿಂದೆ ಹೋದದ್ದರಿಂದ ಭಾಗಿಸು,
ಬಂದದ್ದು ಅವನ ಆವೇಶ.
ತಮ್ಮನ ಮಾತದು. ನಾನು ಖಾರ ಅಂತಿದ್ದೆ.
ಒಂದರ ಕೆಳಗೆ ಸಪ್ಪೆ.
ಎರಡು, ಮೂರು, ನಮ್ಮ ಮನೆಯ ಸಾರು.
ಐದು ದಾಟಿತೋ, ಅದು ಬಣ್ಣದ ಬ್ಯಾಡಗಿಯಲ್ಲ,
ಗುಂಟೂರು.

ಮೊದಲ ವಾರವೇ ಮೋಸಹೋದೆ.
ಚೋಟಾನವಾಬ್ ಎಂಬವನಿಗೆ ಒಂಬತ್ತು ಖಾರ.
ಬರೀ ಗಾಳಿ ಹೊಡೀತಾನೆ ಅಂತ
ಜೋಡಿ ಹತ್ತು ಹಿಡಿದು ಕೊನೇ ಎಲೆತನಕ ಬೆನ್ನು ಬಿದ್ದೆ.
ಮೂರು ರಾಣಿಯರನ್ನು ಮೆಲ್ಲಗೆ ತಿರುವಿಟ್ಟ.
ಎರಡು ದಿನದ ಪಗಾರ.
ಮೂಲೆಯ ಸಣ್ಣ ಅಂಕಿ ಆಮೇಲೆ ಕಂಡಿತು:
ನಾನವನನ್ನು ನೋಡಿದ್ದು ಇಪ್ಪತ್ತಾರೇ ಕೈ.
ಇಪ್ಪತ್ತಾರು ಪ್ಯಾಂಟು ಮುಟ್ಟಿ
ಟೇಲರನ ಹೊಲಿಗೆ ಇಂಥದ್ದೆನ್ನಲು ನನ್ನಿಂದಾದೀತೆ?
ಸಾವಿರ ಬೇಕು,
ಹಬ್ಬದ ಮುಂಗಡ ಕೊಟ್ಟ ವಾರದ್ದೂ, ಕೊಡದ ವಾರದ್ದೂ.

ಇನ್ನೊಂದು, ತಡವಾಗಿ ತಿಳಿದದ್ದು:
ಆ ಭಾಗಾಕಾರದಲ್ಲಿ ಮಡಚಿಟ್ಟ ಎಲೆಗೆ ಜಾಗವಿಲ್ಲ.
ತೊಂಬತ್ತು ಸಲ ಬಿಟ್ಟುಕೊಟ್ಟು
ಎದ್ದು ಚಹಾ ಕಾಯಿಸಿ ಬಂದವನು
ಮೂರೇ ಸಲ ಏರಿಸಿ ಒಮ್ಮೆಯೂ ಒಪ್ಪದಿದ್ದರೆ
ಗೆರೆಯ ಕೆಳಗೆ ಸೊನ್ನೆ.
ಯಂತ್ರ ಕಕ್ಕಾಬಿಕ್ಕಿಯಾಗಿ
ಎಂಟನ್ನು ಅಡ್ಡ ಮಲಗಿಸುತ್ತದೆ.
ಅನಂತ.
ಮೇಜಿನ ಅತಿ ಸಾಧುವಿಗೆ
ಪರದೆಯಲ್ಲಿ ಹುಲಿಯ ಬಣ್ಣ.

ಹುಲುಗಪ್ಪ ನೆನಪಾಗುವುದು ಇಲ್ಲಿ.
ವಾಷಿಂಗಿನಲ್ಲಿ ಹನ್ನೊಂದು ವರ್ಷ, ಮೊಣಕೈತನಕ ನೀಲಿ.
ಪೀಸಿಗೆ ಎಂಟಾಣೆ ಇಳಿಸಿದಾಗ ಮಡಚಿದ.
ಬೂಟು ಬರಲಿಲ್ಲ, ಮಡಚಿದ.
ಭಾನುವಾರ ಹೋಯಿತು,
"ಇರ್ಲಿ ಬಿಡಕ್ಕಾ" ಅಂದ.
ಏಪ್ರಿಲ್‌ನಲ್ಲಿ ಮಾಬುನ್ನಿ ಸೋಪಿನ ನೀರಲ್ಲಿ ಜಾರಿಬಿದ್ದು
ಆಕೆಯ ಅರ್ಧ ದಿನ ಮುರಿದುಕೊಂಡಾಗ
ಮಾಲೀಕರ ಬಿಳೀ ಮೇಜಿಗೆ ಎರಡೂ ಅಂಗೈ ಊರಿ ನಿಂತ.
ಮಾತಿಲ್ಲ. ಫ್ಯಾನು ತಿರುಗುತ್ತಿತ್ತು.
ಅವನು ಹೋದ ಮೇಲೂ ಹತ್ತು ನೀಲಿ ಬೆರಳು ಅಲ್ಲೇ ಇದ್ದವು.
"ಮೊದಲಿಂದ್ಲೂ ಜಗಳಗಂಟ, ಬರಕೋ" ಅಂದರು.
ಬರಕೊಂಡೆ.
ಹನ್ನೊಂದು ವರ್ಷದ ಎಲೆ ಎಣಿಸಿದವಳೇ ನಾನು,
ಬರಕೊಂಡೆ.

ಆಗಸ್ಟಿನಲ್ಲಿ ಆ್ಯಪು ಬಾಗಿಲು ಹಾಕಿತು.
ಚೋಟಾನವಾಬ್ ಎಲ್ಲಿ ಹೋದನೋ.
ಕಡತ ಮಾತ್ರ ಉಳಿದಿದೆ, ನಲವತ್ತೊಂದು ಸಾವಿರ ಕೈ.
ಒಂದು ರಾತ್ರಿ ನನ್ನದೇ ಸಾಲು ತೆರೆದೆ, ಮೊದಲ ಸಲ.
ಸೊನ್ನೆ ಬಿಂದು ನಾಲ್ಕು.
ಒಪ್ಪಿ, ಒಪ್ಪಿ, ಹಿಂದೆ ಹೋದವಳು.
ಯಾವೂರಲ್ಲೋ ಯಾರೋ ನನ್ನ ಹೆಸರಿನ ಪಕ್ಕ
"ಇವಳಿಗೆ ಗಾಳಿ ಹಾಕಬೇಡ,
ಎಲೆ ಇದ್ದಾಗ ಹಿಂಡು" ಅಂತ ಬರೆದಿದ್ದಾನು.
ಸರಿಯಾಗೇ ಓದಿದ್ದಾನೆ.

ಮಾರನೇ ದಿನ ಹಾಜರಿ ಪುಸ್ತಕದ ಆ ಪುಟದಲ್ಲಿ
ಜಗಳಗಂಟ ಎಂಬುದರ ಬಲಕ್ಕೆ, ಕೆಳಗೆ, ಸಣ್ಣಗೆ
ಪೆನ್ಸಿಲ್ಲಿನಲ್ಲಿ ಬರೆದೆ:
ನೋಡಿದ ಕೈ, ಒಂದು.
ಮಾಲೀಕರು ಇನ್ನೂ ಆ ಪುಟ ತಿರುವಿಲ್ಲ.
ತಿರುವಿದರೆ ಏನಂತೀನೋ ಗೊತ್ತಿಲ್ಲ.
ಪೆನ್ಸಿಲ್ಲು ಕಿವಿಯ ಹಿಂದೆಯೇ ಇದೆ,
ರಬ್ಬರು ಇರುವ ಪೆನ್ಸಿಲ್ಲು.